ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ

ಪತ್ರಿಕೆಯ ಒಳಪುಟದಲ್ಲಿ ಅಂಚೆಚೀಟಿಯಷ್ಟು ಫೋಟೊ, ಕೆಳಗೆ ನಾಲ್ಕು ಸಾಲು. ‘ಎತ್ತರ 5.3 ಅಡಿ, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು. ಮನೆಯಿಂದ ಹೋಗುವಾಗ ಹಸಿರು ಚೂಡಿದಾರ್ ಧರಿಸಿದ್ದರು. ಸುಳಿವು ಸಿಕ್ಕಲ್ಲಿ ಠಾಣೆಗೆ ತಿಳಿಸಲು ಕೋರಿದೆ.’ ಕೆಲವು ದಿನ ಕಳೆದು, ಬೇರೊಂದು ಜಿಲ್ಲೆಯ ಆವೃತ್ತಿಯಲ್ಲಿ ಇನ್ನೊಂದು ಪ್ರಕಟಣೆ: ‘ಅಪರಿಚಿತ ಮಹಿಳೆಯ ಶವ ಪತ್ತೆ. ವಯಸ್ಸು ಸುಮಾರು 30ರಿಂದ 40, ಎತ್ತರ 5.2 ಅಡಿ, ಕಪ್ಪು ಮೈಬಣ್ಣ, ದುಂಡು ಮುಖ, ದೃಢಕಾಯ. ವಾರಸುದಾರರಿದ್ದಲ್ಲಿ ಸಂಪರ್ಕಿಸಬಹುದು.’

ಈ ಇಬ್ಬರೂ ಒಬ್ಬರೇ ಇರಬಹುದು. ಎರಡನ್ನೂ ಓದಿದವರಿಗೂ ಹಾಗೆ ಅನ್ನಿಸುವುದಿಲ್ಲ. ದೇಹ ಎರಡು ಮೂರು ದಿನ ಬಿಸಿಲಲ್ಲೋ ನೀರಲ್ಲೋ ಬಿದ್ದಿದ್ದರೆ ಊದಿಕೊಳ್ಳುತ್ತದೆ. ಕೋಲು ಮುಖ ದುಂಡಾಗುತ್ತದೆ, ಎಣ್ಣೆಗೆಂಪು ಚರ್ಮ ಹಸಿರಿಗೆ ತಿರುಗಿ ಕಪ್ಪಾಗುತ್ತದೆ, ಸಾಧಾರಣ ಮೈಕಟ್ಟು ದೃಢಕಾಯವಾಗುತ್ತದೆ. ನಮ್ಮ ಠಾಣೆಗಳ ಚಹರೆ ಪಟ್ಟಿಯಲ್ಲಿ ತಲೆಮಾರುಗಳಿಂದ ಬರೆದುಕೊಂಡು ಬಂದ ಪದಗಳೆಲ್ಲ ಸಾವು ಮೊಟ್ಟಮೊದಲು ಅಳಿಸುವ ಲಕ್ಷಣಗಳವೇ.

ಕೊಲೆಯಾದವರಿಗೆ ನ್ಯಾಯ ಎಂದ ಕೂಡಲೇ ಎಲ್ಲರ ಮಾತು ಕೋರ್ಟು, ಜಾಮೀನು, ಗಲ್ಲು ಎಂದು ಓಡುತ್ತದೆ. ಅಲ್ಲಿಗೆ ತಲುಪುವ ಮೊದಲೇ, ಸತ್ತವರು ಯಾರೆಂದು ತಿಳಿಯದೆ ನಿಂತುಹೋದ ಪ್ರಕರಣಗಳ ದೊಡ್ಡ ಸಾಲಿದೆ. ಹೆಸರಿಲ್ಲದ ಶವಕ್ಕೆ ಫೋನ್ ನಂಬರ್ ಇಲ್ಲ, ಕೊನೆಯ ಸಲ ಜೊತೆಗಿದ್ದವರು ಇಲ್ಲ, ಜಗಳ ಆಡಿದವರು ಇಲ್ಲ. ತನಿಖೆಗೆ ಹಿಡಿದೆಳೆಯಲು ಒಂದು ಎಳೆಯೂ ಸಿಗುವುದಿಲ್ಲ. ಒಂದು ಠಾಣೆಯಲ್ಲಿ ಮಗಳಿಗಾಗಿ ಕಾಯುವ ತಾಯಿಯ ದೂರು, ಇನ್ನೊಂದು ಠಾಣೆಯಲ್ಲಿ ಯಾರೂ ಬಾರದ ಶವದ ಕಡತ. ಈ ಎರಡು ಕಾಗದ ಒಂದೇ ಮೇಜಿನ ಮೇಲೆ ಬರುವಂತೆ ಮಾಡುವುದೇ ಕೆಲಸದ ಮುಕ್ಕಾಲು ಪಾಲು. ಅದಕ್ಕೆ ಬೇಕಾದ ವಿವರ ಮೊದಲ ದಿನದ ದೂರಿನಲ್ಲೇ ಇರಬೇಕು.

ಕಾಣೆಯಾದವರೆಲ್ಲ ಅಪರಾಧಕ್ಕೆ ಸಿಕ್ಕವರಲ್ಲ, ನಿಜ. ಪರೀಕ್ಷೆಯ ಭಯಕ್ಕೆ, ಸಾಲದ ಕಾಟಕ್ಕೆ, ಮನೆಯ ಹೊಡೆತಕ್ಕೆ, ಮರೆವಿನ ಕಾಯಿಲೆಗೆ ಹೊರಟವರು ಬಹಳ ಮಂದಿ. ಅವರಲ್ಲಿ ಅನೇಕರು ಹಿಂತಿರುಗುತ್ತಾರೆ. ವಯಸ್ಕರಿಗೆ ಮನೆ ಬಿಟ್ಟು ಹೋಗುವ ಹಕ್ಕಿದೆ. ಸಿಕ್ಕ ಮೇಲೆ ‘ನನ್ನ ವಿಳಾಸ ಮನೆಯವರಿಗೆ ಬೇಡ’ ಎಂದರೆ ಪೊಲೀಸರು ಹೇಳಿಕೆ ಪಡೆದು ಪ್ರಕರಣ ಮುಗಿಸುತ್ತಾರೆ, ಅದೇ ಸರಿ. ಆದರೆ ಯಾರು ಸ್ವಇಚ್ಛೆಯಿಂದ ಹೋದರು, ಯಾರನ್ನು ಎಳೆದೊಯ್ದರು ಎಂಬುದು ಮೊದಲ ದಿನ ಯಾರಿಗೂ ಗೊತ್ತಿರುವುದಿಲ್ಲ. ‘ಯಾರ ಜೊತೆಗೋ ಓಡಿಹೋಗಿರಬೇಕು, ಎರಡು ದಿನ ನೋಡಿ’ ಎಂಬ ಮಾತು ಅದಕ್ಕೇ ಕ್ರೂರವಾದದ್ದು. ಆ ಎರಡು ದಿನದಲ್ಲಿ ಕಳೆದದ್ದು ಮತ್ತೆ ಸಿಗುವುದಿಲ್ಲ.

24 ಗಂಟೆ ಕಾದು ಬನ್ನಿ ಎಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಸಿನಿಮಾ, ಧಾರಾವಾಹಿಗಳಿಂದ ಹಬ್ಬಿದ ನಂಬಿಕೆ ಅದು. ಠಾಣೆಯ ಒಳಗೂ ಅದನ್ನು ನಂಬಿದವರಿದ್ದಾರೆ. 18 ವರ್ಷದೊಳಗಿನವರಾದರೆ ಚರ್ಚೆಗೆ ಜಾಗವೇ ಇಲ್ಲ. 2013ರ ಮೇ 10ರಂದು ಬಚ್‌ಪನ್ ಬಚಾವೋ ಆಂದೋಲನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ: ಮಗು ಕಾಣೆಯಾದ ಪ್ರತಿ ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಬೇಕು, ಬೇರೆ ಕಾರಣ ಸಾಬೀತಾಗುವವರೆಗೆ ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಭಾವಿಸಿ ತನಿಖೆ ಮಾಡಬೇಕು. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112. ಠಾಣೆಗೆ ಹೊರಡುವ ಮೊದಲೇ ಕರೆ ಮಾಡಿದರೆ ಆ ಕರೆಯ ಸಮಯ ದಾಖಲಾಗಿ ಉಳಿಯುತ್ತದೆ. ಮುಂದೆ ‘ದೂರು ತಡವಾಗಿ ಕೊಟ್ಟಿದ್ದೀರಿ’ ಎಂಬ ಆಕ್ಷೇಪಕ್ಕೆ ಅದೇ ಉತ್ತರ.

ವಯಸ್ಕರ ವಿಷಯದಲ್ಲಿ ಕರ್ನಾಟಕದ ಠಾಣೆಗಳು ‘ಮನುಷ್ಯ ಕಾಣೆ’, ‘ಹೆಂಗಸು ಕಾಣೆ’ ಎಂಬ ತಲೆಬರಹದಲ್ಲಿ ಪ್ರಕರಣ ದಾಖಲಿಸುತ್ತವೆ. ಇಲ್ಲೇ ಬಹಳ ಕುಟುಂಬಗಳು ಎಡವುವುದು. ಯಾರ ಮೇಲಾದರೂ ಅನುಮಾನವಿದ್ದರೂ, ಬೆದರಿಕೆ ಬಂದಿದ್ದರೂ, ಮರ್ಯಾದೆಗೆ ಅಂಜಿಯೋ ಬರೆದುಕೊಳ್ಳುವವರ ಅವಸರಕ್ಕೋ ಅದನ್ನು ದೂರಿನಲ್ಲಿ ಬರೆಸುವುದಿಲ್ಲ. ಕಾಣೆ ಎಂದಷ್ಟೇ ಬರೆದರೆ ಅದು ಹುಡುಕಾಟ. ಇಂಥ ದಿನ ಇಂಥವರು ಬೆದರಿಸಿದ್ದರು, ಇಂಥ ಗಾಡಿಯಲ್ಲಿ ಕರೆದೊಯ್ದರು ಎಂದು ಸಂಗತಿ ಬರೆದರೆ ಅದು ಅಪರಾಧದ ಮಾಹಿತಿ, ಭಾರತೀಯ ನ್ಯಾಯ ಸಂಹಿತೆಯ 137, 140ನೇ ಕಲಮುಗಳ ಅಪಹರಣ. ಅಂಥ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಊಹೆ ಬರೆಯಬಾರದು, ಕಂಡದ್ದನ್ನು, ಕೇಳಿದ್ದನ್ನು ಬಿಡಬಾರದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ‘ನಮ್ಮ ಸರಹದ್ದಲ್ಲ’ ಎಂದು ಅಪರಾಧದ ಮಾಹಿತಿಯನ್ನು ತಿರಸ್ಕರಿಸುವಂತಿಲ್ಲ. ಎಲ್ಲಿ ನಡೆದಿದ್ದರೂ ಮೊದಲು ದಾಖಲಿಸಿ ಆಮೇಲೆ ವರ್ಗಾಯಿಸಬೇಕು; ಜೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಆನ್‌ಲೈನಿನಲ್ಲಿ ಕೊಟ್ಟ ಮಾಹಿತಿಗೆ ಮೂರು ದಿನದೊಳಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಅದು ದಾಖಲೆಗೆ ಏರುವುದಿಲ್ಲ. ಎಫ್‌ಐಆರ್ ಪ್ರತಿ ಉಚಿತ. ದೂರನ್ನು ಎರಡು ಪ್ರತಿ ಮಾಡಿ, ಒಂದಕ್ಕೆ ಮೊಹರು, ದಿನಾಂಕ, ಸಮಯ ಹಾಕಿಸಿಕೊಳ್ಳಬೇಕು. ಠಾಣಾಧಿಕಾರಿ ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಎಲ್ಲ ಕಾಣೆ ಪ್ರಕರಣಕ್ಕೂ ಮದ್ದು ಎಂದು ವಕೀಲರೇ ಕೆಲವೊಮ್ಮೆ ಹೇಳುತ್ತಾರೆ. ಯಾರೋ ಅಕ್ರಮವಾಗಿ ಹಿಡಿದಿಟ್ಟಿದ್ದಾರೆ ಎನ್ನಲು ಆಧಾರವಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಈಗ ಆ ಚಹರೆಗೆ ಬರೋಣ.

ದೂರಿನಲ್ಲಿ ಮೊದಲು ಸಮಯ. ಕೊನೆಗೆ ಕಣ್ಣಾರೆ ಕಂಡವರು ಯಾರು, ಎಷ್ಟು ಗಂಟೆಗೆ, ಎಲ್ಲಿ. ಕೊನೆಯ ಕರೆ ಯಾವಾಗ. ವಾಟ್ಸ್‌ಆ್ಯಪ್‌ನಲ್ಲಿ ಕೊನೆಗೆ ಕಂಡದ್ದು ಯಾವಾಗ. ಕೊನೆಯ ಯುಪಿಐ ಪಾವತಿ ಯಾವ ಅಂಗಡಿಗೆ. ಇವುಗಳ ನಡುವೆ ಹೊಂದಿಕೆಯಾಗದ ಒಂದು ಗಂಟೆ ಸಿಕ್ಕರೆ ತನಿಖೆ ಅಲ್ಲಿಂದಲೇ ಶುರುವಾಗಬೇಕು. ಫೋನಿನ ನಂಬರ್ ಜೊತೆಗೆ ಐಎಂಇಐ ಸಂಖ್ಯೆಯೂ ಬೇಕು; ಫೋನ್ ಕೊಂಡ ಡಬ್ಬಿಯ ಮೇಲೆ ಅಥವಾ ಬಿಲ್ಲಿನಲ್ಲಿ ಇರುತ್ತದೆ. ಸಿಮ್ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಕರೆ ವಿವರಗಳನ್ನು ದೂರಸಂಪರ್ಕ ಕಂಪನಿಗಳು ಎರಡು ವರ್ಷ ಇಟ್ಟಿರಬೇಕು, ಹಾಗಾಗಿ ಅದು ತಡವಾದರೂ ಸಿಗುತ್ತದೆ. ಸಿಸಿಟಿವಿ ಹಾಗಲ್ಲ: ವಿಡಿಯೊ ದಾಖಲಿಸುವ ಪೆಟ್ಟಿಗೆ (ಡಿವಿಆರ್) ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ, ಸಾಮಾನ್ಯವಾಗಿ 15ರಿಂದ 30 ದಿನದಲ್ಲಿ, ಸಣ್ಣ ಅಂಗಡಿಯಲ್ಲಿ ಅದಕ್ಕೂ ಬೇಗ. ಮನೆಯವರು ಅಂಗಡಿಯವರ ಕಾಲು ಹಿಡಿದು ವಿಡಿಯೊ ತರಬೇಕಿಲ್ಲ. ಯಾವ ಯಾವ ಕ್ಯಾಮೆರಾ ಆ ದಾರಿಯಲ್ಲಿದೆ ಎಂಬ ಪಟ್ಟಿಯನ್ನು ಮೊದಲ ದಿನವೇ ಲಿಖಿತವಾಗಿ ಠಾಣೆಗೆ ಕೊಟ್ಟು, ಅದನ್ನು ಉಳಿಸಿಡಲು ನೋಟಿಸ್ ಕೊಡಿ ಎಂದು ಕೇಳಬೇಕು. ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ತುಣುಕು ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವಿಲ್ಲದೆ ಕೋರ್ಟಿನಲ್ಲಿ ಬಿದ್ದುಹೋಗುವುದು ಸಾಮಾನ್ಯ.

ಆಮೇಲೆ ದೇಹ. ಎತ್ತರವನ್ನು ಅಂದಾಜಿನಲ್ಲಿ ಹೇಳುವುದಕ್ಕಿಂತ, ಬಾಗಿಲ ಪಕ್ಕದ ಗೋಡೆಗೆ ನಿಂತು ತೆಗೆಸಿಕೊಂಡ ಹಳೆ ಫೋಟೊ ಇದ್ದರೆ ಅಳೆದು ಸೆಂಟಿಮೀಟರಿನಲ್ಲಿ ಬರೆಯಬೇಕು. ಹಲ್ಲು ಬಹಳ ಮುಖ್ಯ. ಬೇರಿನ ಚಿಕಿತ್ಸೆ, ಕ್ಯಾಪು, ಕಿತ್ತ ಹಲ್ಲು, ಮುಂದಿನ ಎರಡು ಹಲ್ಲಿನ ನಡುವಿನ ಸಂದು, ಒಂದರ ಮೇಲೊಂದು ಬೆಳೆದ ಹಲ್ಲು, ಯಾವುದನ್ನೂ ಬಿಡಬಾರದು. ದಂತವೈದ್ಯರ ಬಳಿ ಎಕ್ಸ್‌ರೇ ಇದ್ದರೆ ಅದೇ ದಿನ ಪ್ರತಿ ತರಿಸಿಕೊಳ್ಳಬೇಕು. ಮೂಳೆ ಮುರಿದು ಪ್ಲೇಟು, ರಾಡು ಹಾಕಿಸಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಬೇಕು; ಇಂಪ್ಲಾಂಟಿನ ಮೇಲೆ ತಯಾರಕರ ಗುರುತೂ ಲಾಟ್ ಸಂಖ್ಯೆಯೂ ಕೊರೆದಿರುವುದುಂಟು, ಅದು ಬೆಂಕಿಯಲ್ಲೂ ಉಳಿಯಬಲ್ಲದು. ಸೈನಸ್ ತೊಂದರೆಗೆ ತೆಗೆಸಿದ್ದ ತಲೆಯ ಎಕ್ಸ್‌ರೇ ಕೂಡ ಚಿನ್ನದಂಥ ದಾಖಲೆ: ಹಣೆಯ ಹಿಂದಿನ ಗಾಳಿಗೂಡಿನ ಆಕಾರ ಒಬ್ಬರಿಂದೊಬ್ಬರಿಗೆ ಬೇರೆ.

ಕಲೆ, ಮಚ್ಚೆ, ಹಚ್ಚೆಗಳನ್ನು ಜಾಗ, ಅಳತೆ, ಬದಿ ಸಮೇತ ಬರೆಯಬೇಕು. ಎಡ-ಬಲ ಎಂದರೆ ಆ ವ್ಯಕ್ತಿಯ ಎಡ-ಬಲ. ಸೆಲ್ಫಿ ನೋಡಿ ಬರೆದರೆ ತಿರುಗುಮುರುಗಾಗುತ್ತದೆ; ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿ, ಸರಿಯಾದ ಶವವನ್ನೇ ‘ಇದಲ್ಲ’ ಎಂದು ಬಿಟ್ಟುಬಿಡುವ ಹಾಗಾಗುತ್ತದೆ. ಹಚ್ಚೆಯ ಬಣ್ಣ ಚರ್ಮದ ಒಳಪದರದಲ್ಲಿರುವುದರಿಂದ, ಮೇಲ್ಪದರ ಕಳಚಿದ ದೇಹದಲ್ಲೂ ಅದು ಕಾಣುತ್ತದೆ, ಕೆಲವೊಮ್ಮೆ ಮೊದಲಿಗಿಂತ ಸ್ಪಷ್ಟವಾಗಿ. ಬಟ್ಟೆಯಲ್ಲಿ ಬಣ್ಣಕ್ಕಿಂತ ಒಳಉಡುಪಿನ ಕಂಪನಿ ಮತ್ತು ಅಳತೆ, ದರ್ಜಿಯ ಚೀಟಿ, ಚಪ್ಪಲಿಯ ಸಂಖ್ಯೆ ಉಪಯುಕ್ತ. ಮೂಗುತಿ ಯಾವ ಬದಿಗೆ, ಕಾಲುಂಗುರ ಎಷ್ಟು ಸುತ್ತಿನದು, ಉಡಿದಾರ ಯಾವ ಬಣ್ಣದ್ದು ಎಂಬುದೂ ಹಾಗೇ.

ಕೊಡುವ ಫೋಟೊ ಮದುವೆ ಮನೆಯ ಮೇಕಪ್ಪಿನದೋ ಸ್ಟುಡಿಯೊದಲ್ಲಿ ತಿದ್ದಿದ್ದೋ ಆಗಬಾರದು. ಹಲ್ಲು ಕಾಣುವಂತೆ ನಕ್ಕ ಒಂದು, ಪಕ್ಕದಿಂದ ಕಿವಿ ಕಾಣುವ ಒಂದು, ನಿಂತ ಭಂಗಿಯ ಒಂದು. ನಕ್ಕ ಫೋಟೊದಿಂದ ಮುಂದಿನ ಹಲ್ಲುಗಳ ಸಾಲನ್ನು ತಲೆಬುರುಡೆಯೊಂದಿಗೆ ಹೋಲಿಸಬಹುದು.

‘ಎಣ್ಣೆಗೆಂಪು, ಕೋಲು ಮುಖ’ದ ಜಾಗದಲ್ಲಿ ಹೀಗಿದ್ದರೆ ಎಷ್ಟು ವ್ಯತ್ಯಾಸ ನೋಡಿ: ‘ಎತ್ತರ 161 ಸೆಂ.ಮೀ. ಕೆಳದವಡೆಯ ಎಡಕ್ಕೆ ಕೊನೆಯಿಂದ ಎರಡನೇ ಹಲ್ಲಿಗೆ ಲೋಹದ ಕ್ಯಾಪ್. ಬಲ ಮುಂಗೈ ಹೊರಬದಿಯಲ್ಲಿ ಮೂರು ಸೆಂ.ಮೀ. ಸುಟ್ಟ ಕಲೆ. ಎಡಗಾಲು ಮೊಣಕಾಲ ಕೆಳಗೆ ಮುರಿದು ಪ್ಲೇಟ್ ಹಾಕಿದೆ. ಮೂಗುತಿ ಬಲಬದಿಗೆ. ಚಪ್ಪಲಿ 6ನೇ ಸಂಖ್ಯೆ.’ ಇದನ್ನು ಹಿಡಿದುಕೊಂಡು ಶವಾಗಾರಕ್ಕೆ ಹೋದ ಕಾನ್‌ಸ್ಟೇಬಲ್‌ಗೆ ಮುಖ ನೋಡುವ ಅಗತ್ಯವೇ ಬೀಳುವುದಿಲ್ಲ.

ಠಾಣೆಗೆ ಕೊಡುವ ವಿವರ ಪೂರ್ತಿ ಇರಲಿ, ವಾಟ್ಸ್‌ಆ್ಯಪ್‌ಗೆ ಹಾಕುವ ಪೋಸ್ಟರಿನಲ್ಲಿ ಒಂದೆರಡು ಗುರುತು ಬಿಡಲೇಬೇಕು. ‘ನಿಮ್ಮ ಮಗಳನ್ನು ನೋಡಿದೆ, ಕರೆತರಲು ದುಡ್ಡು ಕಳಿಸಿ’ ಎಂದು ಕರೆ ಮಾಡುವ ವಂಚಕರು ಪೋಸ್ಟರ್ ಓದಿಯೇ ಮಾತಾಡುತ್ತಾರೆ. ಬಿಟ್ಟ ಗುರುತನ್ನು ಕೇಳಿದರೆ ಸಿಕ್ಕಿಬೀಳುತ್ತಾರೆ. ಸಂಪರ್ಕಕ್ಕೆ ಮನೆಯ ನಂಬರಿನ ಬದಲು ಠಾಣೆಯ ನಂಬರ್ ಹಾಕಬೇಕು. ವ್ಯಕ್ತಿ ಸಿಕ್ಕ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಹಂಚಿದ ಫೋಟೊ, ಹೆಸರು ಎಲ್ಲವನ್ನೂ ತೆಗೆಯಬೇಕು. ನ್ಯಾಯ ಸಂಹಿತೆಯ 72ನೇ ಕಲಮಿನಡಿ ಸಂತ್ರಸ್ತರ ಗುರುತು ಬಹಿರಂಗಪಡಿಸುವುದೇ ಅಪರಾಧ.

ಮನೆಯಲ್ಲಿ ಮೊದಲ ದಿನ ಸಾಮಾನ್ಯವಾಗಿ ನಡೆಯುವ ತಪ್ಪು, ಕೋಣೆ ಗುಡಿಸಿ ಹಾಸಿಗೆ ಮಡಚಿ ಬಟ್ಟೆ ಒಗೆಯುವುದು. ಮನೆಗೆ ಜನ ಬರುತ್ತಾರೆಂಬ ಸಂಕೋಚ, ಏನಾದರೂ ಕೆಲಸ ಮಾಡುತ್ತಿರಬೇಕೆಂಬ ತಳಮಳ. ಹಲ್ಲುಜ್ಜುವ ಬ್ರಷ್, ಬಾಚಣಿಗೆ, ರೇಜರ್, ಒಗೆಯದ ದಿಂಬಿನ ಚೀಲ ಇಷ್ಟನ್ನು ಬೇರೆ ಯಾರೂ ಮುಟ್ಟದಂತೆ, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿನಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ; ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಕೆಲವು ಮನೆಗಳಲ್ಲಿ ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ತಾಯತದಲ್ಲಿ ಕಟ್ಟಿಟ್ಟಿರುತ್ತಾರೆ, ಉದುರಿದ ಹಾಲುಹಲ್ಲು ಜೋಪಾನ ಮಾಡಿರುತ್ತಾರೆ. ಅವುಗಳಿಂದಲೂ ಡಿಎನ್‌ಎ ಸಿಗುವ ಸಾಧ್ಯತೆ ಇದೆ.

ಇನ್ನು ಎರಡನೇ ಕಡತ. ಶವ ಸಿಕ್ಕ ಠಾಣೆಯಲ್ಲಿ ಅಸ್ವಾಭಾವಿಕ ಸಾವಿನ ವರದಿ ದಾಖಲಾಗುತ್ತದೆ, ಎಲ್ಲರೂ ಕರೆಯುವುದು ಯುಡಿಆರ್ ಎಂದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174, ಈಗ ಸುರಕ್ಷಾ ಸಂಹಿತೆಯ 194ನೇ ಕಲಮು. ಪಂಚರ ಸಮಕ್ಷಮ ಶವ ಮಹಜರು, ಅದರ ವರದಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ, ಮರಣೋತ್ತರ ಪರೀಕ್ಷೆ, ಪತ್ರಿಕಾ ಪ್ರಕಟಣೆ, ಸಾಮಾನ್ಯವಾಗಿ ಮೂರು ದಿನ ಶವಾಗಾರದಲ್ಲಿ ಕಾಯುವುದು, ಆಮೇಲೆ ನಗರಸಭೆ ಅಥವಾ ಪಂಚಾಯಿತಿಯ ಮೂಲಕ ವಿಲೇವಾರಿ. ಕೆಲವು ದೇಹಗಳು 1957ರ ಅಂಗರಚನಾಶಾಸ್ತ್ರ ಕಾಯಿದೆಯಡಿ ವೈದ್ಯಕೀಯ ಕಾಲೇಜಿಗೆ ಹೋಗುತ್ತವೆ. ಇಂಥ ದೇಹವನ್ನು ‘ಅನಾಥ ಶವ’ ಎಂದು ಬರೆಯುವುದು ರೂಢಿ. ಆ ಪದ ಬಿಡಬೇಕು. ಯಾರೋ ಒಬ್ಬರು ಎಲ್ಲೋ ಆ ದೇಹಕ್ಕಾಗಿ ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಾರೆ.

ಆ ಮೂರು ದಿನದಲ್ಲಿ ಏನೇನು ಮಾಡಿಟ್ಟುಕೊಂಡರು ಎಂಬುದರ ಮೇಲೆ ಮುಂದಿನ ಮೂವತ್ತು ವರ್ಷ ನಿಂತಿರುತ್ತದೆ. ದೇಹವನ್ನು ತೊಳೆಯುವ ಮೊದಲು ಮತ್ತು ತೊಳೆದ ಮೇಲೆ, ಅಳತೆಪಟ್ಟಿ ಇಟ್ಟು ಫೋಟೊ. ಹತ್ತೂ ಬೆರಳಿನ ಅಚ್ಚು. ನೀರಿನಲ್ಲಿ ನೆಂದು ಕೈಯ ಚರ್ಮ ಗವಸಿನಂತೆ ಕಳಚಿ ಬಂದರೆ ಅದನ್ನು ಎಸೆಯುವುದಲ್ಲ, ಪರಿಣತರು ಅದನ್ನೇ ತಮ್ಮ ಗವಸು ತೊಟ್ಟ ಬೆರಳಿಗೆ ಹಾಕಿಕೊಂಡು ಅಚ್ಚು ತೆಗೆಯುತ್ತಾರೆ. ಎಲ್ಲ ಹಲ್ಲುಗಳ ಪಟ್ಟಿ. ಡಿಎನ್‌ಎಗೆ, ದೇಹ ತಾಜಾ ಇದ್ದರೆ ರಕ್ತವನ್ನು ಎಫ್‌ಟಿಎ ಕಾರ್ಡಿನ (ಡಿಎನ್‌ಎ ಕೆಡದಂತೆ ಇಡುವ ವಿಶೇಷ ಕಾಗದ) ಮೇಲೆ ಒಣಗಿಸಿ. ಕೊಳೆತಿದ್ದರೆ ಗಟ್ಟಿಯಾದ ಎರಡು ದವಡೆ ಹಲ್ಲು ಮತ್ತು ತೊಡೆಮೂಳೆಯ ತುಂಡು, ಏನೂ ದ್ರಾವಣ ಹಾಕದೆ. ಇಲ್ಲಿ ಆಗುವ ದೊಡ್ಡ ಅನಾಹುತ ಫಾರ್ಮಲಿನ್, ಅಂಗಾಂಶ ಕೊಳೆಯದಂತೆ ಇಡುವ ದ್ರಾವಣ. ಅಂಗಾಂಶ ಪರೀಕ್ಷೆಗೆ ಅದು ಸರಿ, ಡಿಎನ್‌ಎಗೆ ಅದು ವಿಷ. ವಿಷ ಪತ್ತೆಗೆ ಕಳಿಸುವ ಒಳಾಂಗಗಳನ್ನು ಉಪ್ಪಿನ ಗಾಢ ದ್ರಾವಣದಲ್ಲಿ ಇಡುವುದು ವಾಡಿಕೆ. ಮೂರು ಬಗೆಯ ಪರೀಕ್ಷೆಗೆ ಮೂರು ಬಗೆಯ ಜಾಡಿ, ಅವಸರದಲ್ಲಿ ಒಂದೇ ಜಾಡಿಗೆ ಎಲ್ಲವನ್ನೂ ತುಂಬಿ ಕಳಿಸಿದ ಮಾದರಿ ಪ್ರಯೋಗಾಲಯದಿಂದ ‘ಪರೀಕ್ಷೆಗೆ ಯೋಗ್ಯವಲ್ಲ’ ಎಂದು ವಾಪಸ್ ಬರುತ್ತದೆ. ಆ ಹೊತ್ತಿಗೆ ಶವ ಸುಟ್ಟು ಬೂದಿಯಾಗಿರುತ್ತದೆ.

ಹಾಗಾಗಿಯೇ ಗುರುತು ಸಿಗದ ದೇಹವನ್ನು ಸುಡಬಾರದು, ಹೂಳಬೇಕು. ತುಕ್ಕು ಹಿಡಿಯದ ಲೋಹದ ಬಿಲ್ಲೆಯಲ್ಲಿ ಯುಡಿಆರ್ ಸಂಖ್ಯೆ, ಠಾಣೆ, ವರ್ಷ ಕೊರೆದು ದೇಹಕ್ಕೊಂದು, ಗುಂಡಿಯ ತಲೆಗೊಂದು ಹಾಕಬೇಕು. ಸ್ಮಶಾನದ ನಕ್ಷೆಯಲ್ಲಿ ಗುರುತು ಹಾಕಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಮುಂದೆ ಅಗೆಯುವ ಪ್ರಸಂಗ ಬಂದರೆ, ಸುರಕ್ಷಾ ಸಂಹಿತೆಯ 196ನೇ ಕಲಮು ಮ್ಯಾಜಿಸ್ಟ್ರೇಟರಿಗೆ ಹೂತ ದೇಹ ಹೊರತೆಗೆಸುವ ಅಧಿಕಾರ ಕೊಟ್ಟಿದೆ. ಜೆಸಿಬಿ ಮೇಲ್ಪದರ ತೆಗೆಯಲು ಮಾತ್ರ. ಬಣ್ಣ ಬದಲಾದ ಮಣ್ಣು ಕಂಡ ಕೂಡಲೇ ಕರಣೆ, ಬ್ರಷ್ಷು, ಸಣ್ಣ ಕಣ್ಣಿನ ಜರಡಿ. ವಯಸ್ಕರ 206 ಮೂಳೆಗಳಲ್ಲಿ 106 ಇರುವುದು ಕೈ ಮತ್ತು ಪಾದಗಳಲ್ಲಿ. ಜರಡಿ ಇಲ್ಲದ ಅಗೆತ ಅರ್ಧ ಅಸ್ಥಿಪಂಜರವನ್ನು ಮಣ್ಣಿಗೇ ಬಿಟ್ಟು ಬರುತ್ತದೆ. ಕತ್ತು ಹಿಸುಕಿದ್ದಕ್ಕೆ ಸುಳಿವು ಕೊಡಬಲ್ಲ ಗಂಟಲಿನ ಸಣ್ಣ ಮೂಳೆ ಹೀಗೇ ಕಳೆದುಹೋಗುವುದು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಆಮ್ಲೀಯ, ಮಳೆಯೂ ಜಾಸ್ತಿ. ಬಯಲುಸೀಮೆಯಲ್ಲಿ ಉಳಿಯುವಷ್ಟು ಕಾಲ ಅಲ್ಲಿ ಮೂಳೆ ಉಳಿಯುವುದಿಲ್ಲ. ‘ಇಲ್ಲಿ ಏನೂ ಸಿಗಲಿಲ್ಲ’ ಎಂದ ಮಾತ್ರಕ್ಕೆ ಏನೂ ಇರಲಿಲ್ಲ ಎಂದಾಗುವುದಿಲ್ಲ. ಕೊನೆಗೆ ಉಳಿಯುವುದು ಹಲ್ಲಿನ ಹೊರಕವಚ.

ಕುಟುಂಬದವರು ಹುಡುಕಬೇಕಾದ್ದು ಎಲ್ಲಿ? ತಮ್ಮ ಠಾಣೆಯಲ್ಲಿ ಮಾತ್ರ ಅಲ್ಲ. ನದಿ, ನಾಲೆಗೆ ಠಾಣಾ ಸರಹದ್ದು ಗೊತ್ತಿಲ್ಲ. ದೇಹ ಹರಿವಿನ ಕೆಳಗಿನ ಮೂರನೇ ತಾಲ್ಲೂಕಿನ ಅಣೆಕಟ್ಟೆಯ ಗೇಟಿಗೆ ಬಂದು ನಿಂತಿರುತ್ತದೆ. ರೈಲು ಹಳಿಯ ಮೇಲಿನ ಸಾವುಗಳು ರೈಲ್ವೆ ಪೊಲೀಸರ ಲೆಕ್ಕಕ್ಕೆ, ಅವರ ಠಾಣೆ ಬೇರೆ, ಪುಸ್ತಕ ಬೇರೆ. ಹಾಗಾಗಿ ನಾಲ್ಕು ಕಡೆ ಕೇಳಬೇಕು: ಠಾಣೆಗಳ ಯುಡಿಆರ್ ವಹಿ, ಆಸ್ಪತ್ರೆಯ ಶವಾಗಾರದ ವಹಿ, ಸ್ಥಳೀಯ ಸಂಸ್ಥೆಯ ಸ್ಮಶಾನದ ವಹಿ, ರೈಲ್ವೆ ಪೊಲೀಸ್. ಒಂದರಲ್ಲಿ ಅಳಿಸಿದ್ದು, ನಾಶವಾದದ್ದು ಇನ್ನೊಂದರಲ್ಲಿ ಉಳಿದಿರುವುದುಂಟು. ಬಾಯಿಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಉತ್ತರಕ್ಕೆ 30 ದಿನ, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಅರ್ಜಿಯಲ್ಲಿ ‘ಎಲ್ಲ ಮಾಹಿತಿ ಕೊಡಿ’ ಎನ್ನದೆ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, 20ರಿಂದ 45 ವರ್ಷ ಎಂದು ಅಂದಾಜಿಸಿದ ಅಪರಿಚಿತ ಮಹಿಳೆಯರ ಯುಡಿಆರ್ ಸಂಖ್ಯೆ, ಸಿಕ್ಕ ಸ್ಥಳ, ವಿಲೇವಾರಿಯ ವಿಧಾನ ಎಂದು ಕೇಳಿದರೆ ತಳ್ಳಿಹಾಕುವುದು ಕಷ್ಟ. ವಯಸ್ಸಿನ ಅಂತರವನ್ನು ಅಗಲವಾಗಿಯೇ ಇಡಬೇಕು. ಕೊಳೆತ ದೇಹದ ವಯಸ್ಸಿನ ಅಂದಾಜು ಹತ್ತು ವರ್ಷ ಆಚೀಚೆ ಆಗುವುದು ಹೊಸದಲ್ಲ. ಕೇಂದ್ರದ ಡಿಜಿಟಲ್ ಪೊಲೀಸ್ ಪೋರ್ಟಲಿನಲ್ಲಿ ಅಪರಿಚಿತ ಶವಗಳನ್ನು ಹುಡುಕಬಹುದು, ಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಇದೆ. ಆದರೆ ಅಲ್ಲಿಗೆ ಏರುವುದೂ ಅದೇ ‘ದುಂಡು ಮುಖ’ವಾದರೆ ಕಂಪ್ಯೂಟರ್ ಏನು ಮಾಡೀತು?

ಶವದ ಬೆರಳಚ್ಚನ್ನು ಆಧಾರ್‌ನೊಂದಿಗೆ ಹೋಲಿಸಬಾರದೇಕೆ ಎಂದು ಎಲ್ಲರೂ ಕೇಳುತ್ತಾರೆ. ಆಧಾರ್ ಕಾಯಿದೆಯ 29ನೇ ಕಲಮು ಬಯೊಮೆಟ್ರಿಕ್ ಮಾಹಿತಿಯನ್ನು ಹಂಚಲು ಬಿಡುವುದಿಲ್ಲ. ಪೊಲೀಸರ ಬೆರಳಚ್ಚು ಸಂಗ್ರಹದಲ್ಲಿರುವುದು ಮುಖ್ಯವಾಗಿ ಆರೋಪಿಗಳು, ಅಪರಾಧಿಗಳು. ಯಾವ ತಪ್ಪೂ ಮಾಡದೆ ಕೊಲೆಯಾದ ಹೆಣ್ಣುಮಗಳು ಅದರಲ್ಲಿ ಇರುವುದಿಲ್ಲ. ಕಾಣೆಯಾದವರ ಸಂಬಂಧಿಕರದೊಂದು, ಅಪರಿಚಿತ ಶವಗಳದೊಂದು ಡಿಎನ್‌ಎ ಸೂಚಿ ಮಾಡುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು. ಖಾಸಗಿತನದ ಬಗ್ಗೆ ಎದ್ದ ಪ್ರಶ್ನೆಗಳು ಸಣ್ಣವಲ್ಲ. 2023ರ ಜುಲೈನಲ್ಲಿ ಮಸೂದೆಯನ್ನು ಹಿಂತೆಗೆದುಕೊಂಡರು. ಅದೇ ಮಸೂದೆಯಲ್ಲಿದ್ದ ಅಪರಾಧಿಗಳ ಸೂಚಿಯ ಜಗಳದಲ್ಲಿ ಈ ಎರಡು ಸೂಚಿಗಳೂ ಮುಳುಗಿಹೋದದ್ದು ನೋವಿನ ಸಂಗತಿ. ಅವನ್ನಷ್ಟೇ ಬೇರ್ಪಡಿಸಿ ತರಬಹುದಿತ್ತು.

ಗುರುತು ಸಿಕ್ಕ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ ಎಂಬುದಕ್ಕೆ ನೊಯ್ಡಾದ ನಿಠಾರಿ ಇದೆ. ಅಲ್ಲಿನ ಬಡವರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದಾಗ ತಂದೆ-ತಾಯಿಗಳ ದೂರಿಗೆ ಬೆಲೆ ಸಿಗಲಿಲ್ಲ. 2006ರ ಡಿಸೆಂಬರ್‌ನಲ್ಲಿ ಮನೆಯೊಂದರ ಬಳಿಯ ಮೋರಿಯಿಂದ ಮೂಳೆಗಳು ಹೊರಬಂದವು. ಡಿಎನ್‌ಎ ಪರೀಕ್ಷೆಯಿಂದ ಹಲವು ಮಕ್ಕಳ ಗುರುತು ಹತ್ತಿತು. ಗಲ್ಲು ಶಿಕ್ಷೆಯ ತೀರ್ಪುಗಳೂ ಬಂದವು. 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಆರೋಪಿಗಳನ್ನು ಖುಲಾಸೆ ಮಾಡಿತು; 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಉಳಿದಿದ್ದ ಕೊನೆಯ ಪ್ರಕರಣದಲ್ಲೂ ಬಿಡುಗಡೆ ಮಾಡಿತು. ತಪ್ಪೊಪ್ಪಿಗೆ ಬಂದದ್ದು ಸುಮಾರು 60 ದಿನ ಪೊಲೀಸ್ ವಶದಲ್ಲಿದ್ದ ಮೇಲೆ. ಎಲ್ಲಿ ಅಗೆಯಬೇಕೆಂದು ಆರೋಪಿ ಹೇಳಿದ ಎನ್ನುವ ಹೇಳಿಕೆಯನ್ನು ಸಕಾಲದಲ್ಲಿ ಸರಿಯಾಗಿ ಬರೆದುಕೊಂಡಿರಲಿಲ್ಲ. ಮೂಳೆ ಸಿಕ್ಕ ಜಾಗ ಎಲ್ಲರಿಗೂ ತೆರೆದದ್ದು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಅದರಿಂದ ಹೊಸದಾಗಿ ಪತ್ತೆಯಾದ ಸಂಗತಿಯ ಭಾಗ ಮಾತ್ರ ಸಾಕ್ಷ್ಯ. ಅದೂ ಹೇಳಿಕೆ ಮೊದಲು, ಪಂಚರ ಸಹಿ ಆಮೇಲೆ, ಹೊರಡುವುದು ಅದಾದ ಮೇಲೆ ಎಂಬ ಕ್ರಮದಲ್ಲಿ. ಕ್ರಮ ತಿರುಗಿಸಿದರೆ ಹದಿನೇಳು ವರ್ಷ ಕಾದ ತಂದೆಗೆ ಸಿಗುವುದು ಮಗಳ ಮೂಳೆ ಮಾತ್ರ, ಕೊಂದವರು ಯಾರೆಂಬ ಉತ್ತರವಿಲ್ಲ. ತಪ್ಪಾಗಿ ಹಿಡಿದವರನ್ನು ಶಿಕ್ಷಿಸಿದರೂ ಆ ಉತ್ತರ ಸಿಕ್ಕಂತಲ್ಲ.

ಶವವೇ ಸಿಗದಿದ್ದರೆ ಕೊಲೆ ಕೇಸು ನಿಲ್ಲುವುದಿಲ್ಲ ಎಂಬ ನಂಬಿಕೆಯೂ ತಪ್ಪು. 1981ರಲ್ಲೇ ಸುಪ್ರೀಂ ಕೋರ್ಟ್, ಸಾಂದರ್ಭಿಕ ಸಾಕ್ಷ್ಯ ಬಲವಾಗಿದ್ದರೆ ಶವ ಇಲ್ಲದೆಯೂ ಕೊಲೆ ಸಾಬೀತಾಗಬಹುದು ಎಂದಿದೆ. ಸಾಕ್ಷ್ಯ ನಾಶಕ್ಕೆ ನ್ಯಾಯ ಸಂಹಿತೆಯ 238ನೇ ಕಲಮು ಬೇರೆಯೇ ಇದೆ.

ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ. ‘ಪತ್ತೆಯಾಗಿಲ್ಲ’ ಎಂಬ ಸಿ ರಿಪೋರ್ಟ್, ‘ಆಧಾರವಿಲ್ಲ’ ಎಂಬ ಬಿ ರಿಪೋರ್ಟ್ ಹಾಕಿದರೆ ಅದನ್ನು ಒಪ್ಪುವ ಮೊದಲು ಮ್ಯಾಜಿಸ್ಟ್ರೇಟರು ದೂರುದಾರರನ್ನು ಕೇಳಲೇಬೇಕು. 1985ರ ಸುಪ್ರೀಂ ಕೋರ್ಟ್ ತೀರ್ಪು ಅದು. ನೋಟಿಸ್ ಬಂದಾಗ ‘ಏನೋ ಕೋರ್ಟಿನ ಕಾಗದ’ ಎಂದು ಮೂಲೆಗಿಟ್ಟ ಕುಟುಂಬಗಳು ಎಷ್ಟೋ. ಮನೆ ಬದಲಿಸಿದರೆ ಹೊಸ ವಿಳಾಸವನ್ನು ಠಾಣೆಗೆ ಬರೆದುಕೊಡಬೇಕು, ಇಲ್ಲದಿದ್ದರೆ ನೋಟಿಸು ಹಳೆ ಮನೆಯ ಬಾಗಿಲಿಗೆ ಅಂಟಿ ವಾಪಸಾಗುತ್ತದೆ. ಸಾಕ್ಷಿಗೆ ಬೆದರಿಕೆ ಇದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ.

ಏಳು ವರ್ಷ ಯಾರಿಗೂ ಸುದ್ದಿ ಇಲ್ಲದವರನ್ನು ಸತ್ತಿದ್ದಾರೆಂದು ಭಾವಿಸಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಬ್ಯಾಂಕು, ವಿಮೆ, ಖಾತೆ ಬದಲಾವಣೆಗೆ ಸಿವಿಲ್ ಕೋರ್ಟಿನ ಘೋಷಣೆ ಬೇಕಾಗುತ್ತದೆ, ಮೊದಲ ದಿನದ ಆ ಕಾಣೆ ದೂರಿನ ಪ್ರತಿ ಅಲ್ಲೂ ಬೇಕು. ಆ ಘೋಷಣೆ ಪಡೆದರೆ ಮಗಳನ್ನು ಕೈಬಿಟ್ಟಂತಾಗುತ್ತದೆ ಎಂದು ತಾಯಂದಿರು ಒಪ್ಪುವುದಿಲ್ಲ. ಪೊಲೀಸ್ ತನಿಖೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವರಿಗೆ ಬಿಡಿಸಿ ಹೇಳುವವರು ಬೇಕು.

ಆ ಏಳು ವರ್ಷದಲ್ಲಿ ಮಾಡಿಡಬೇಕಾದ ಇನ್ನೊಂದು ಕೆಲಸ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಎಂದೋ ಸಿಗುವ ಮೂಳೆಯನ್ನು ಹೋಲಿಸಲು ತಂದೆ-ತಾಯಿ ಇಬ್ಬರ ಮಾದರಿ ಇದ್ದರೆ ಉತ್ತರ ಗಟ್ಟಿ. ಒಬ್ಬರೇ ಇದ್ದರೆ ಸಂಭವನೀಯತೆ ಇಳಿಯುತ್ತದೆ. ಇಬ್ಬರೂ ಹೋದ ಮೇಲೆ ಒಡಹುಟ್ಟಿದವರು, ತಂದೆಯ ಕಡೆಯ ಸೋದರತ್ತೆಯಲ್ಲ, ಹೆಣ್ಣುಸಾಲಿನಲ್ಲಿ ಬರುವ ತಾಯಿಯ ಕಡೆಯ ಚಿಕ್ಕಮ್ಮ, ದೊಡ್ಡಮ್ಮ, ಅವರ ಮಕ್ಕಳು ಬೇಕಾಗುತ್ತಾರೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಇಳಿದು ಬರುವುದರಿಂದ. ಠಾಣೆಯಲ್ಲೋ ಮ್ಯಾಜಿಸ್ಟ್ರೇಟರಲ್ಲೋ ಒಂದು ಅರ್ಜಿ ಸಾಕು: ಪ್ರಕರಣದ ಸಂಖ್ಯೆ, ‘ತಂದೆ-ತಾಯಿಗೆ ವಯಸ್ಸಾಗಿದೆ, ಮುಂದಿನ ಹೋಲಿಕೆಗಾಗಿ ಇಬ್ಬರ ರಕ್ತವನ್ನೂ ಎಫ್‌ಟಿಎ ಕಾರ್ಡಿನಲ್ಲಿ ಸಂಗ್ರಹಿಸಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸಬೇಕು’ ಎಂಬ ಕೋರಿಕೆ, ಸಂಗ್ರಹಿಸಿದ ದಿನದ ಸೀಲಿನ ಮಾದರಿ ಮತ್ತು ಸ್ವೀಕೃತಿ. ಬೆರಳ ತುದಿಯ ಕೆಲವು ಹನಿ ರಕ್ತ. ನೆರಳಲ್ಲಿ ಒಣಗಿದ ಆ ಕಾರ್ಡು ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಇರುತ್ತದೆ.